ಫಿಗ್ಮಾ ಬಿಟ್ಟು ಹೆಡ್‌ಸೆಟ್ ಹಿಡಿಯುವ ಮುನ್ನ

2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹದಿಮೂರು ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು ಹೆಸರಿಸಿ ನಿಷೇಧಿಸಿತು. ಗ್ರಾಹಕ ಕೇಳದ ವಸ್ತುವನ್ನು ಸದ್ದಿಲ್ಲದೆ ಬುಟ್ಟಿಗೆ ಸೇರಿಸುವುದು, 'ಇನ್ನೆರಡೇ ಉಳಿದಿವೆ' ಎಂದು ಸುಳ್ಳು ಆತುರ ಹುಟ್ಟಿಸುವುದು, ಚಂದಾ ಕಟ್ಟಲು ಒಂದೇ ಒತ್ತು ಸಾಕೆನಿಸಿ ರದ್ದು ಮಾಡುವ ದಾರಿಯನ್ನು ನಾಲ್ಕು ಪರದೆಗಳ ಹಿಂದೆ ಬಚ್ಚಿಡುವುದು, ಬೆಲೆಯನ್ನು ತೊಟ್ಟುತೊಟ್ಟಾಗಿ ಏರಿಸಿ ಕೊನೆಯಲ್ಲಿ ಪೂರ್ತಿ ಮೊತ್ತ ತೋರಿಸುವುದು ಆ ಪಟ್ಟಿಯಲ್ಲಿವೆ. ಇವುಗಳಲ್ಲಿ ಬಹುತೇಕ ಎಲ್ಲವೂ ಯಾರೋ ಒಬ್ಬ ಡಿಸೈನರ್‌ನ ಪರದೆಯ ಮೇಲೆ ಮೊದಲು ರೂಪ ಪಡೆದವು. ಅವುಗಳ ಫಲ ಉಣ್ಣುವವರು ಬೇರೆ. ಬೆಂಗಳೂರಿನ ಔಟರ್ ರಿಂಗ್ ರಸ್ತೆಯ ಯಾವುದೋ ಕಟ್ಟಡದಲ್ಲಿ ರಾತ್ರಿ ಪಾಳಿಯಲ್ಲಿ ಕೂತ ಕಸ್ಟಮರ್ ಸಪೋರ್ಟ್ ಏಜೆಂಟ್, 'ನನ್ನ ದುಡ್ಡು ಯಾಕೆ ಕಟ್ ಆಯ್ತು?' ಎಂಬ ಸಿಟ್ಟಿಗೆ ಸಮಾಧಾನ ಹೇಳುತ್ತಿರುತ್ತಾರೆ. ಇಬ್ಬರಿಗೂ ಸಂಬಳ ಕೊಡುವುದು ಒಂದೇ ಕಂಪನಿ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಈ ಎರಡು ಮೇಜುಗಳ ನಡುವಿನ ದೂರವನ್ನು ನಡೆದುಹೋಗಲು ಬಯಸುವ ಡಿಸೈನರ್‌ಗಳಿಗಾಗಿ ಈ ಬರಹ. ಜಾಹೀರಾತು ಏಜೆನ್ಸಿ, ಯುಐ, ಪ್ಯಾಕೇಜಿಂಗ್, ಪ್ರಕಟಣೆ ಹೀಗೆ ಯಾವುದೋ ಒಂದರಲ್ಲಿ ಎಂಟು ಹತ್ತು ವರ್ಷ ದುಡಿದ ಮೇಲೆ ಕಸ್ಟಮರ್ ಸರ್ವಿಸ್ ತಂಡವನ್ನು ಮುನ್ನಡೆಸುವ ಕೆಲಸದತ್ತ ಕಣ್ಣು ಹಾಯಿಸುವವರು ಈಗ ಬೆಂಗಳೂರಿನಲ್ಲಿ ಅಪರೂಪವೇನಲ್ಲ. ಚಿತ್ರ ಹುಟ್ಟಿಸುವ ಎಐ ಸಾಧನಗಳು ತಂದ ಅಳುಕು ಒಂದು ಕಾರಣ. ಡಿಸೈನ್ ವಿಭಾಗದಲ್ಲಿ ಮೇಲಕ್ಕೆ ಹೋದಷ್ಟೂ ಕುರ್ಚಿಗಳು ಕಡಿಮೆಯಾಗುವುದು ಇನ್ನೊಂದು. ನನಗೆ ಹೆಚ್ಚು ಭರವಸೆ ಹುಟ್ಟಿಸುವವರು ಮೂರನೆಯ ಕಾರಣಕ್ಕೆ ಬರುವವರು: ತಾವು ಮಾಡಿದ್ದು ಬಳಸುವವರ ಕೈಯಲ್ಲಿ ಏನಾಗುತ್ತದೆ ಎಂದು ನೋಡುವ ಹಸಿವಿರುವವರು. ಬಳಸುವವರು ಎಲ್ಲಿ ಎಡವುತ್ತಾರೆ ಎಂದು ತಿಳಿಯಲು ಡಿಸೈನ್ ತಂಡಗಳು ಐದಾರು ಜನರನ್ನು ಕರೆಸಿ ಕೂರಿಸಿ ಪರೀಕ್ಷೆ ಮಾಡುತ್ತವೆ. ಸಪೋರ್ಟ್ ತಂಡದ ಬಳಿಗೆ ಎಡವಿದವರೇ ದಿನಕ್ಕೆ ಸಾವಿರ ಲೆಕ್ಕದಲ್ಲಿ ಬರುತ್ತಾರೆ, ಎಡವಿದ ಜಾಗವನ್ನು ತಮ್ಮ ಮಾತಿನಲ್ಲೇ ಹೇಳುತ್ತಾರೆ. ಈ ಸಂಪತ್ತನ್ನು ಓದಬಲ್ಲ ಕಣ್ಣು ಡಿಸೈನರ್‌ಗೆ ಇದೆ. ಉಳಿದದ್ದನ್ನು ಕಲಿಯಬೇಕು, ಮತ್ತು ಉಳಿದದ್ದು ಕಡಿಮೆಯೇನಿಲ್ಲ.

ಜೊತೆಯಲ್ಲಿ ಬರುವ ವಿದ್ಯೆ

1984ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಜಿ. ಲಿನ್ ಶೋಸ್ಟಾಕ್ ಎಂಬ ಬ್ಯಾಂಕ್ ಅಧಿಕಾರಿ ಒಂದು ಲೇಖನ ಬರೆದರು. ವಸ್ತುವಿಗೆ ನಕ್ಷೆ ಇರುವಂತೆ ಸೇವೆಗೂ ನಕ್ಷೆ ಇರಬೇಕು ಎಂಬುದು ಅವರ ವಾದ. ಉದಾಹರಣೆಗೆ ಅವರು ತೆಗೆದುಕೊಂಡದ್ದು ರಸ್ತೆ ಬದಿಯ ಬೂಟ್ ಪಾಲಿಶ್. ಹಂತಗಳನ್ನು ಸಾಲಾಗಿ ಬರೆದು, ಪ್ರತಿ ಹಂತಕ್ಕೆ ಎಷ್ಟು ಸಮಯ, ಎಲ್ಲಿ ತಪ್ಪಾಗಬಹುದು ಎಂದು ಗುರುತಿಸಿ, ಮಧ್ಯೆ ಒಂದು ಗೆರೆ ಎಳೆದರು. ಗೆರೆಯ ಮೇಲಿರುವುದು ಗ್ರಾಹಕನಿಗೆ ಕಾಣುತ್ತದೆ, ಕೆಳಗಿರುವುದು ಕಾಣುವುದಿಲ್ಲ. ಇವತ್ತು 'ಸರ್ವಿಸ್ ಬ್ಲೂಪ್ರಿಂಟ್' ಎಂದು ಡಿಸೈನ್ ಶಾಲೆಗಳು ಕಲಿಸುವುದರ ಬೇರು ಅದೇ. ಬ್ಯಾಂಕಿನಲ್ಲಿ ಹುಟ್ಟಿ ಡಿಸೈನ್‌ಗೆ ಬಂದ ಈ ವಿದ್ಯೆಯನ್ನು ನೀವು ಮತ್ತೆ ಸೇವೆಯ ಕಡೆಗೆ ಒಯ್ಯುತ್ತಿದ್ದೀರಿ.

ಒಂದು ರೀಫಂಡ್ ದೂರನ್ನು ಹೀಗೆ ಬಿಡಿಸಿ ನೋಡಿ. ಗ್ರಾಹಕನಿಗೆ ಕಾಣುವುದು 'ರೀಫಂಡ್ ಪ್ರಕ್ರಿಯೆಯಲ್ಲಿದೆ' ಎಂಬ ಒಂದು ಸಾಲು. ಕೆಳಗೆ ಗೋದಾಮು ವಸ್ತುವನ್ನು ವಾಪಸು ಪಡೆದು ಪರೀಕ್ಷಿಸಬೇಕು, ಹಣಕಾಸು ವಿಭಾಗ ಒಪ್ಪಬೇಕು, ಪೇಮೆಂಟ್ ಗೇಟ್‌ವೇಗೆ ಹೋಗಬೇಕು, ಬ್ಯಾಂಕ್ ಜಮಾ ಮಾಡಬೇಕು. ಏಜೆಂಟ್‌ಗೆ ಕಾಣುವುದು ಇವುಗಳಲ್ಲಿ ಎರಡು ಹಂತ ಮಾತ್ರ. ಹಾಗಾಗಿ ಅವರು '5ರಿಂದ 7 ಕೆಲಸದ ದಿನ' ಎಂಬ ಸಿದ್ಧ ವಾಕ್ಯ ಕಳಿಸುತ್ತಾರೆ. ಗ್ರಾಹಕ ಮೂರನೇ ದಿನ ಮತ್ತೆ ಬರೆಯುತ್ತಾನೆ, ಐದನೇ ದಿನ ಫೋನ್ ಮಾಡುತ್ತಾನೆ. ಒಂದು ಸಮಸ್ಯೆಗೆ ಮೂರು ಟಿಕೆಟ್, ಅಂದರೆ ಮೂರು ದೂರಿನ ದಾಖಲೆ. ಇಲ್ಲಿ ಏಜೆಂಟ್‌ಗೆ ನಯವಾಗಿ ಮಾತಾಡುವ ತರಬೇತಿ ಕೊಟ್ಟು ಪ್ರಯೋಜನವಿಲ್ಲ. ಆ ನಾಲ್ಕು ಹಂತಗಳನ್ನು ಅವರಿಗೂ ಗ್ರಾಹಕನಿಗೂ ತೋರಿಸಿದರೆ ಎರಡು ಟಿಕೆಟ್ ಹುಟ್ಟುವುದೇ ಇಲ್ಲ. ಇದನ್ನು ಕಾಣುವುದಕ್ಕೆ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ, ಅದು ನಿಮ್ಮ ಅಭ್ಯಾಸ. ನುರಿತ ಆಪರೇಷನ್ಸ್ ಮ್ಯಾನೇಜರ್‌ಗಳಲ್ಲೂ ಅನೇಕರಿಗೆ ಈ ಅಭ್ಯಾಸ ಇರುವುದಿಲ್ಲ.

ಡಿಸೈನರ್‌ಗಳ ಕೈಗೆ ಸೇವೆಯ ಹೊಣೆ ಬಂದ ಪ್ರಸಿದ್ಧ ಉದಾಹರಣೆ ಏರ್‌ಬಿಎನ್‌ಬಿ. ಅದರ ಮೂವರು ಸ್ಥಾಪಕರಲ್ಲಿ ಬ್ರಯನ್ ಚೆಸ್ಕಿ, ಜೋ ಗೆಬಿಯಾ ಇಬ್ಬರೂ ಅಮೆರಿಕದ ರೋಡ್ ಐಲ್ಯಾಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಕಲಿತವರು. ಅಂದದಲ್ಲಿ, ನಡೆಯಲ್ಲಿ ಆ ತಾಣವನ್ನು ಎಲ್ಲರೂ ಹೊಗಳುತ್ತಿದ್ದ ಹೊತ್ತಿನಲ್ಲೇ, 2011ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಒಬ್ಬ ಮನೆಯೊಡತಿಯ ಮನೆಯನ್ನು ಬಾಡಿಗೆಗೆ ಬಂದವರು ಲೂಟಿ ಮಾಡಿ ಹಾಳುಗೆಡವಿದರು. ಕಂಪನಿಯ ಮೊದಲ ಪ್ರತಿಕ್ರಿಯೆ ತಡಬಡಾಯಿಸಿತು, ಸುದ್ದಿ ಹಬ್ಬಿತು. ಆಗಸ್ಟ್‌ನಲ್ಲಿ ಚೆಸ್ಕಿ ಬಹಿರಂಗವಾಗಿ ಕ್ಷಮೆ ಕೇಳಿ, 24 ಗಂಟೆಯ ಸಹಾಯವಾಣಿಯನ್ನೂ ಮನೆಯೊಡೆಯರಿಗೆ 50,000 ಡಾಲರ್‌ವರೆಗಿನ ಭರವಸೆಯನ್ನೂ ಘೋಷಿಸಿದರು. ಎಷ್ಟೇ ಸುಂದರವಾದ ಪರದೆಯಾದರೂ, ಮನೆ ಹಾಳಾದವರಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಫೋನ್ ಎತ್ತುವ ಒಬ್ಬ ಮನುಷ್ಯ ಮತ್ತು ಆ ಮನುಷ್ಯನ ಕೈಯಲ್ಲಿ ತೀರ್ಮಾನಿಸುವ ಅಧಿಕಾರ.

ಕಲಿಯಲೇಬೇಕಾದ ಲೆಕ್ಕ

ಡಿಸೈನ್‌ನಿಂದ ಬಂದವರು ಸೋಲುವುದು ಹೆಚ್ಚಾಗಿ ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ತಂಡಕ್ಕೆ ಗಂಟೆಗೆ ಸರಾಸರಿ 100 ಕರೆ ಬರುತ್ತವೆ, ಪ್ರತಿ ಕರೆಗೆ 6 ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. ಒಟ್ಟು 600 ನಿಮಿಷದ ಕೆಲಸ, ಅಂದರೆ 10 ಜನರ ಕೆಲಸ. ಹತ್ತು ಜನರನ್ನು ಕೂರಿಸಿದರೆ ಸಾಕೇ? ಸಾಲದು. ಕರೆಗಳು ಸಮವಾಗಿ ಬರುವುದಿಲ್ಲ. ದರ್ಶಿನಿಯ ಕಾಫಿ ಕೌಂಟರ್ ಮುಂದೆ ಐದು ನಿಮಿಷ ಯಾರೂ ಇಲ್ಲದೆ ಆಮೇಲೆ ಒಮ್ಮೆಲೇ ಹದಿನೈದು ಜನ ಮುತ್ತಿಕೊಳ್ಳುವಂತೆ ಅವು ಗುಂಪುಗುಂಪಾಗಿ ಬರುತ್ತವೆ. ಹತ್ತೇ ಜನರಿದ್ದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ. ಹನ್ನೊಂದು ಜನರಿದ್ದರೆ ಸರಾಸರಿ ಕಾಯುವಿಕೆ ಸುಮಾರು 4 ನಿಮಿಷ. ಹನ್ನೆರಡಾದರೆ ಅದು 80 ಸೆಕೆಂಡ್ ಆಸುಪಾಸಿಗೆ ಇಳಿಯುತ್ತದೆ. ಹದಿನಾಲ್ಕಾದರೆ ಸುಮಾರು 16 ಸೆಕೆಂಡ್. ಈ ಲೆಕ್ಕದ ಸೂತ್ರ ಕೊಟ್ಟವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞ ಆಗ್ನರ್ ಎರ್ಲಾಂಗ್, 1917ರಲ್ಲಿ. ನೂರು ವರ್ಷ ಕಳೆದರೂ ಕಾಲ್ ಸೆಂಟರ್‌ಗಳ ರೋಸ್ಟರ್ ತಂತ್ರಾಂಶದ ಒಳಗೆ ಅವರ ಸೂತ್ರವೇ ಓಡುತ್ತಿದೆ. ಬೆರಳಚ್ಚಿಸಿದರೆ ಉತ್ತರ ಕೊಡುವ ಎರ್ಲಾಂಗ್ ಕ್ಯಾಲ್ಕುಲೇಟರ್‌ಗಳು ಉಚಿತವಾಗಿ ಸಿಗುತ್ತವೆ. ಒಂದು ಸಂಜೆ ಕೂತು ಸಂಖ್ಯೆಗಳನ್ನು ಬದಲಿಸುತ್ತ ಆಡಿ ನೋಡಿ.

ಮೇಲಿನ ಸಂಖ್ಯೆಗಳನ್ನು ಇನ್ನೊಮ್ಮೆ ಓದಿ. ಹನ್ನೆರಡು ಜನರಲ್ಲಿ ಒಬ್ಬರು ಜ್ವರ ಬಂದು ರಜೆ ಹಾಕಿದರೆ ಗ್ರಾಹಕ ಕಾಯುವ ಸಮಯ ಮೂರು ಪಟ್ಟಾಗುತ್ತದೆ. 'ಒಬ್ಬರೇ ತಾನೇ ಇಲ್ಲದಿರುವುದು' ಎಂದು ಕೈಬಿಟ್ಟ ಮ್ಯಾನೇಜರ್ ಸಂಜೆಗೆ ಯಾಕೆ ಇಡೀ ಫ್ಲೋರ್ ಕುಸಿಯಿತೆಂದು ತಿಳಿಯದೆ ತಂಡದ ಮೇಲೆ ಹರಿಹಾಯುತ್ತಾರೆ. ಊಟ, ವಿರಾಮ, ತರಬೇತಿ, ರಜೆ ಇವುಗಳಿಗೆ ಹೋಗುವ ಸಮಯಕ್ಕೆ ಶ್ರಿಂಕೇಜ್ ಎನ್ನುತ್ತಾರೆ. ಅದು ಶೇ 30 ಎಂದು ಹಿಡಿದರೆ, ಕುರ್ಚಿಯಲ್ಲಿ 14 ಜನ ಇರಲು ಪಟ್ಟಿಯಲ್ಲಿ 20 ಜನ ಬೇಕು. ಬಜೆಟ್ ಸಭೆಯಲ್ಲಿ 'ಹತ್ತು ಜನರ ಕೆಲಸಕ್ಕೆ ಇಪ್ಪತ್ತು ಜನ ಯಾಕೆ?' ಎಂದು ಹಣಕಾಸಿನವರು ಕೇಳಿದಾಗ ಉತ್ತರಿಸಬೇಕಾದವರು ನೀವು. ಉತ್ತರ ತಡವರಿಸಿದರೆ ನಿಮ್ಮ ತಂಡದವರ ಊಟದ ಹೊತ್ತು ಕಡಿತವಾಗುತ್ತದೆ. ಲೆಕ್ಕ ಕಲಿಯುವುದು ತಂಡದ ಮೇಲಿನ ಕಾಳಜಿಯ ಮೊದಲ ರೂಪ ಎಂದು ನಾನು ನಂಬುತ್ತೇನೆ.

ಅಳತೆಗೋಲುಗಳ ವಿಷಯ ಬೇಗ ಮುಗಿಸಬಹುದು. 'ಶೇ 80 ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕು' ಎಂಬ ರೂಢಿಯ ಗುರಿಯನ್ನು ಎಲ್ಲ ಕಡೆ ಕೇಳುತ್ತೀರಿ. ಸಿಸ್ಯಾಟ್, ಎಎಚ್‌ಟಿ, ಎಫ್‌ಸಿಆರ್ ಎಂಬ ಮೊಟಕು ಹೆಸರುಗಳು ಮೊದಲ ವಾರದಲ್ಲೇ ನಾಲಿಗೆಗೆ ಹೊಂದಿಕೊಳ್ಳುತ್ತವೆ: ಗ್ರಾಹಕನ ತೃಪ್ತಿ, ಒಂದು ಕರೆಗೆ ಹಿಡಿದ ಸಮಯ, ಮೊದಲ ಸಂಪರ್ಕದಲ್ಲೇ ಪರಿಹಾರವಾದ ಪ್ರಮಾಣ. ಫ್ರೆಡ್ ರೈಕೆಲ್ಡ್ 2003ರಲ್ಲಿ ಪರಿಚಯಿಸಿದ ಎನ್‌ಪಿಎಸ್ ಬಹಳ ಕಂಪನಿಗಳ ಬೋರ್ಡ್‌ರೂಮಿನ ಮೆಚ್ಚಿನ ಅಂಕಿ. ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ ಎಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳಿ, 9–10 ಕೊಟ್ಟವರ ಶೇಕಡಾವಾರಿನಿಂದ 6 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರದನ್ನು ಕಳೆಯುತ್ತಾರೆ. ನನ್ನ ಒಲವು ಬೇರೆ ಕಡೆಗಿದೆ. 2010ರಲ್ಲಿ ಮ್ಯಾಥ್ಯೂ ಡಿಕ್ಸನ್ ಮತ್ತು ಸಂಗಡಿಗರು 75,000ಕ್ಕೂ ಹೆಚ್ಚು ಗ್ರಾಹಕರ ಸಮೀಕ್ಷೆಯ ಆಧಾರದ ಮೇಲೆ, ಗ್ರಾಹಕರನ್ನು ಬೆರಗುಗೊಳಿಸುವ ಹಟ ಬಿಟ್ಟು ಅವರ ಶ್ರಮ ಕಡಿಮೆ ಮಾಡಿ ಎಂದರು. 'ಕೆಲಸ ಮಾಡಿಸಿಕೊಳ್ಳಲು ನೀವು ಎಷ್ಟು ಕಷ್ಟಪಡಬೇಕಾಯಿತು?' ಎಂಬ ಆ ಪ್ರಶ್ನೆ ಡಿಸೈನರ್‌ನ ಮನಸ್ಸಿಗೆ ಕೂಡಲೇ ತಾಗುತ್ತದೆ, ಏಕೆಂದರೆ ಅದರ ಉತ್ತರದಲ್ಲಿ ಮುಂದೆ ಏನು ಸರಿಪಡಿಸಬೇಕು ಎಂಬುದೂ ಇರುತ್ತದೆ. ಎಎಚ್‌ಟಿಯನ್ನು ಮಾತ್ರ ಏಜೆಂಟ್‌ಗಳ ಕುತ್ತಿಗೆಗೆ ಕಟ್ಟಬೇಡಿ. ಸಮಯದ ಭಯಕ್ಕೆ ಕರೆ ಬೇಗ ಮುಗಿಸಿದರೆ ಅದೇ ಗ್ರಾಹಕ ಮತ್ತೆ ಸಾಲಿನಲ್ಲಿ ನಿಲ್ಲುತ್ತಾನೆ.

ಜನರ ಜೊತೆಗಿನ ಕೆಲಸ

ಡಿಸೈನ್ ತಂಡದಲ್ಲಿ ಬೆಳೆದವರಿಗೆ 'ಕ್ರಿಟ್' ಸಹಜ. ಗೋಡೆಗೆ ಕೆಲಸ ಅಂಟಿಸಿ ಎಲ್ಲರೂ ಸುತ್ತ ನಿಂತು ತಪ್ಪು ಹೇಳುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಸಪೋರ್ಟ್ ಫ್ಲೋರ್‌ನಲ್ಲಿ ಹೀಗೆ ಮಾಡಿದರೆ ಮುಂದಿನ ತಿಂಗಳು ಮೂವರು ರಾಜೀನಾಮೆ ಕೊಡಬಹುದು. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಗೋಡೆಯ ಮೇಲಿನ ಪೋಸ್ಟರ್ ಅಲ್ಲ, ಆ ವ್ಯಕ್ತಿಯ ದನಿ, ತಾಳ್ಮೆ, ಉಚ್ಚಾರ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನ ಸಿಬ್ಬಂದಿಯನ್ನು ಅಧ್ಯಯನ ಮಾಡಿ 'ಭಾವನೆಯ ದುಡಿಮೆ' ಎಂಬ ಪರಿಕಲ್ಪನೆ ಮುಂದಿಟ್ಟರು. ಒಳಗೆ ಏನೇ ಇದ್ದರೂ ಹೊರಗೆ ನಗು ಹೊತ್ತುಕೊಂಡಿರುವುದಕ್ಕೆ ಸಂಬಳ ಪಡೆಯುವ ಕೆಲಸ ಮನುಷ್ಯರನ್ನು ಹೇಗೆ ಸವೆಸುತ್ತದೆ ಎಂಬುದು ಅವರ ಪುಸ್ತಕದ ವಿಷಯ. ಸಪೋರ್ಟ್ ತಂಡ ನಡೆಸುವವರು ಅದನ್ನು ಓದಲೇಬೇಕು.

ಇದರಿಂದ ಕೆಲವು ನೇರ ಸಲಹೆಗಳು. ಕರೆಯ ಗುಣಮಟ್ಟದ ಬಗ್ಗೆ ಮಾತಾಡುವಾಗ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿ, ಮೊದಲು ಅವರಿಗೇ ಕರೆ ಕೇಳಿಸಿ ಅವರ ಅಭಿಪ್ರಾಯ ಕೇಳಿ. ಬೈಗುಳದ ಕರೆಯನ್ನು ಕಡಿದುಹಾಕುವ ಹಕ್ಕನ್ನು ಬರಹದಲ್ಲಿ ಕೊಡಿ, ಆ ಹಕ್ಕನ್ನು ಬಳಸಿದವರ ಪರ ನಿಲ್ಲಿ. ಕೆಟ್ಟ ಕರೆಯ ನಂತರ ಐದು ನಿಮಿಷ ಎದ್ದು ಹೋಗಿಬರಲು ಬಿಡಿ. ಆ ಐದು ನಿಮಿಷವನ್ನು ಮೇಲಿನ ಶ್ರಿಂಕೇಜ್ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಂಡಿದ್ದರೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಸಣ್ಣ ಮೊತ್ತದ ಪರಿಹಾರವನ್ನು ಮೇಲಿನವರ ಒಪ್ಪಿಗೆಯಿಲ್ಲದೆ ಕೊಡುವ ಅಧಿಕಾರ ಏಜೆಂಟ್‌ಗೆ ಇರಲಿ. ಪ್ರತಿ ಸಣ್ಣ ವಿಷಯಕ್ಕೂ 'ಮ್ಯಾನೇಜರ್ ಹತ್ತಿರ ಕೇಳಿ ಹೇಳ್ತೀನಿ' ಎನ್ನಬೇಕಾದವರಿಗೆ ತಮ್ಮ ಕೆಲಸದ ಬಗ್ಗೆ ಗೌರವ ಉಳಿಯುವುದು ಕಷ್ಟ.

ನಿಮ್ಮೊಳಗಿನ ಒಂದು ಬದಲಾವಣೆಗೂ ಸಿದ್ಧರಿರಿ. ಡಿಸೈನರ್‌ಗೆ ತೋರಿಸಲು ಒಂದು ವಸ್ತು ಇರುತ್ತದೆ. ಸಪೋರ್ಟ್ ಲೀಡ್‌ಗೆ ದಿನದ ಕೊನೆಗೆ ತೋರಿಸಲು ಏನೂ ಇರುವುದಿಲ್ಲ. ಕ್ಯೂ ಖಾಲಿಯಾಯಿತು, ನಾಳೆ ಮತ್ತೆ ತುಂಬುತ್ತದೆ. ಇದು ಕೆಲವರಿಗೆ ತಡೆಯಲಾಗದ ಖಾಲಿತನ. ಅಂಥವರು ನೇರ ಮುಂದಾಳತ್ವಕ್ಕಿಂತ ಸಹಾಯ ಕೇಂದ್ರದ ಬರಹ, ಚಾಟ್‌ಬಾಟ್ ಸಂಭಾಷಣೆ, ಸರ್ವಿಸ್ ಡಿಸೈನ್ ಇವುಗಳಲ್ಲೇ ನೆಲೆಸಿದರೆ ಸುಖ.

ಕಾನೂನು ಮತ್ತು ಕನ್ನಡ

ಇ-ಕಾಮರ್ಸ್ ಕಂಪನಿಯಲ್ಲಿ ಕೆಲಸ ಹಿಡಿಯುವವರು ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020 ಓದಿರಬೇಕು. ಕುಂದುಕೊರತೆ ಅಧಿಕಾರಿ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ನೀಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕನಿಗೆ 1915 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಬ್ಯಾಂಕ್ ಆದರೆ 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಾಗಿಲು ತೆರೆಯುತ್ತದೆ. ಡಾರ್ಕ್ ಪ್ಯಾಟರ್ನ್ ಪಟ್ಟಿಯನ್ನು ಹಳೆಯ ಡಿಸೈನ್ ಸಹೋದ್ಯೋಗಿಗಳ ಜೊತೆ ಕೂತು ಓದಿ, ನಿಮ್ಮ ಟಿಕೆಟ್‌ಗಳನ್ನು ಆ ಹದಿಮೂರು ತಲೆಬರಹಗಳ ಕೆಳಗೆ ವಿಂಗಡಿಸಿ. ಪ್ರಾಡಕ್ಟ್ ಸಭೆಯಲ್ಲಿ 'ಗ್ರಾಹಕರಿಗೆ ಬೇಸರವಾಗುತ್ತಿದೆ' ಎಂದರೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. 'ಈ ತಿಂಗಳ ಇಷ್ಟು ದೂರು ನಿಷೇಧಿತ ಮಾದರಿಯಿಂದ ಬಂದಿವೆ' ಎಂದರೆ ಕುರ್ಚಿಗಳು ಮುಂದಕ್ಕೆ ಸರಿಯುತ್ತವೆ.

ಕನ್ನಡದ ವಿಷಯದಲ್ಲಿ ಕೆಲಸ ಬೆಟ್ಟದಷ್ಟಿದೆ. ರಾಯಚೂರಿನ ಅಂಗಡಿಯವರೋ ಸಿರಸಿಯ ತೋಟದವರೋ ಆಪ್‌ನಲ್ಲಿ ದೂರು ಬರೆಯುವಾಗ ಹೆಚ್ಚಾಗಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಹಾಗೆ ಬಂದ ಟಿಕೆಟ್ ಎಷ್ಟೋ ಕಡೆ 'ಭಾಷೆ ತಿಳಿಯದು' ಎಂಬ ಬುಟ್ಟಿಗೆ ಬೀಳುತ್ತದೆ. ಕನ್ನಡ ಲಿಪಿಯಲ್ಲಿ ಬಂದರೆ ಯಂತ್ರಾನುವಾದದ ಉತ್ತರ ಹೋಗುತ್ತದೆ: 'ನಿಮ್ಮ ಕಾಳಜಿಯನ್ನು ಶೀಘ್ರದಲ್ಲೇ ಉದ್ದೇಶಿಸಲಾಗುವುದು.' ಇದನ್ನು ಓದಿ ಯಾರಿಗೆ ಏನು ತಿಳಿಯಬೇಕು? 'ನಿಮ್ಮ ದುಡ್ಡು ಶುಕ್ರವಾರದೊಳಗೆ ಬ್ಯಾಂಕಿಗೆ ಬರುತ್ತೆ, ಬರದಿದ್ದರೆ ಇದೇ ಮೆಸೇಜಿಗೆ ಉತ್ತರ ಬರೆಯಿರಿ' ಎಂದರೆ ಕೆಲಸ ಮುಗಿಯಿತು. ಅಕ್ಷರಶೈಲಿ, ಸಾಲಿನ ಉದ್ದ, ಗುಂಡಿಯ ಮೇಲಿನ ಪದ ಇವುಗಳ ಬಗ್ಗೆ ತಲೆಕೆಡಿಸಿಕೊಂಡ ಕನ್ನಡದ ಡಿಸೈನರ್ ಒಬ್ಬರು ಸಪೋರ್ಟ್ ತಂಡದಲ್ಲಿದ್ದರೆ ಪದೇ ಪದೇ ಬಳಸುವ ಮೂವತ್ತು ಉತ್ತರಗಳನ್ನು ಒಂದು ವಾರದಲ್ಲಿ ನಮ್ಮ ಜನ ಆಡುವ ಕನ್ನಡಕ್ಕೆ ತರಬಹುದು. ಹುಬ್ಬಳ್ಳಿಯ ಏಜೆಂಟ್, ಮಂಗಳೂರಿನ ಏಜೆಂಟ್ ಇಬ್ಬರಿಗೂ ಓದಿಸಿ ತಿದ್ದಿಸಿ. ಇದು ಉಪಕಾರದ ಕೆಲಸವಲ್ಲ, ಎಫ್‌ಸಿಆರ್ ಏರಿಸುವ ಕೆಲಸ.

ಎಐ ಬಂದಮೇಲೆ ಈ ಕ್ಷೇತ್ರವೂ ಉಳಿಯುತ್ತದೆಯೇ ಎಂಬ ಅಂಜಿಕೆ ನ್ಯಾಯವಾದದ್ದು. 2024ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಕ್ಲಾರ್ನಾ ಕಂಪನಿ ತನ್ನ ಚಾಟ್‌ಬಾಟ್ 700 ಏಜೆಂಟ್‌ಗಳ ಕೆಲಸ ಮಾಡುತ್ತಿದೆ ಎಂದು ಘೋಷಿಸಿತು. ಮರುವರ್ಷ ಅದೇ ಕಂಪನಿ, ಬೇಕೆಂದಾಗ ಮನುಷ್ಯರು ಸಿಗಬೇಕು ಎನ್ನುತ್ತ ಮತ್ತೆ ಜನರನ್ನು ನೇಮಿಸಿಕೊಳ್ಳಲು ಹೊರಟಿತು. ಅದೇ 2024ರ ಫೆಬ್ರವರಿಯಲ್ಲಿ ಕೆನಡಾದ ನ್ಯಾಯಮಂಡಳಿಯೊಂದು, ಏರ್ ಕೆನಡಾದ ಚಾಟ್‌ಬಾಟ್ ಕೊಟ್ಟ ತಪ್ಪು ಮಾಹಿತಿಗೆ ವಿಮಾನ ಕಂಪನಿಯೇ ಹೊಣೆ ಎಂದು ತೀರ್ಪು ಕೊಟ್ಟಿತು. ಸುಲಭದ ಪ್ರಶ್ನೆಗಳು ಯಂತ್ರಕ್ಕೆ ಹೋಗುತ್ತವೆ, ಅದನ್ನು ತಡೆಯಲಾಗದು. ಉಳಿಯುವ ಕರೆಗಳೆಲ್ಲ ಕಷ್ಟದವು. ಅವುಗಳನ್ನು ಹೊರುವ ತಂಡ ಚಿಕ್ಕದಾಗಿ, ಹೆಚ್ಚು ಪಳಗಿದ್ದಾಗಿ ಇರುತ್ತದೆ. ಯಂತ್ರದಿಂದ ಮನುಷ್ಯನಿಗೆ ಗ್ರಾಹಕ ದಾಟುವ ಬಾಗಿಲನ್ನು ಯಾರಾದರೂ ಸರಿಯಾಗಿ ರೂಪಿಸಬೇಕು. ಆ ಕೆಲಸಕ್ಕೆ ನಿಮ್ಮಂಥವರೇ ಬೇಕು.

ಹೆಜ್ಜೆ ಇಡುವುದು ಹೇಗೆ

ಸಾಧ್ಯವಾದರೆ ಈಗಿರುವ ಕಂಪನಿಯಲ್ಲೇ ದಾಟಿ. ಹೊರಗಿನವರು ನಿಮ್ಮ ರೆಸ್ಯೂಮೆಯಲ್ಲಿ 'ಡಿಸೈನರ್' ಎಂಬುದನ್ನಷ್ಟೇ ಓದುತ್ತಾರೆ. ಒಳಗಿನವರಿಗೆ ನೀವು ಗೊತ್ತು. ವಾರಕ್ಕೆ ಅರ್ಧ ದಿನ ಸಪೋರ್ಟ್ ಕ್ಯೂನಲ್ಲಿ ಕೂರಲು ಅನುಮತಿ ಕೇಳಿ. ನೋಡುವುದಕ್ಕಷ್ಟೇ ಹೋಗಬೇಡಿ, ಟಿಕೆಟ್ ತೆಗೆದುಕೊಂಡು ಉತ್ತರ ಬರೆಯಿರಿ, ಕರೆ ಎತ್ತಿ. ಎರಡು ಮೂರು ತಿಂಗಳು ಹೀಗೆ ಮಾಡಿಯೂ ಮನಸ್ಸು ಅಲ್ಲೇ ನಿಂತರೆ ಮುಂದಿನ ಮಾತು.

ನೇರವಾಗಿ ಮ್ಯಾನೇಜರ್ ಹುದ್ದೆ ಸಿಗುವುದು ಕಡಿಮೆ, ಸಿಕ್ಕರೂ ಕ್ಯೂ ನೋಡದ ಲೀಡ್‌ಗೆ ಫ್ಲೋರ್‌ನಲ್ಲಿ ಮಾನ್ಯತೆ ಇರುವುದಿಲ್ಲ. ಡಿಸೈನರ್‌ಗೆ ಸುಲಭವಾಗಿ ತೆರೆಯುವ ಬಾಗಿಲು ಸಹಾಯ ಕೇಂದ್ರದ ಲೇಖನಗಳು ಮತ್ತು ಗ್ರಾಹಕರು ತಾವೇ ಕೆಲಸ ಮುಗಿಸಿಕೊಳ್ಳುವ ಪರದೆಗಳು. ಅಲ್ಲಿಂದ ತರಬೇತಿ ಅಥವಾ ಗುಣಮಟ್ಟ ತಂಡ, ಅಲ್ಲಿಂದ ಹತ್ತು ಹದಿನೈದು ಜನರ ಟೀಂ ಲೀಡ್. ಮೊದಲ ವರ್ಷ ಸಂಬಳ ಇಳಿಯಬಹುದು. ಗೃಹಸಾಲದ ಕಂತು ಕಟ್ಟುವವರು ಇದನ್ನು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ, ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳಿ. ರಾತ್ರಿ ಪಾಳಿ ಇದೆಯೇ ಎಂಬುದನ್ನು ಕೊನೆಗೆ ಕೇಳಬೇಡಿ, ಮೊದಲೇ ಕೇಳಿ.

ಸರ್ಟಿಫಿಕೇಟ್‌ಗಳ ಹಿಂದೆ ಬೀಳುವ ಮುನ್ನ ಎಕ್ಸೆಲ್‌ನ ಪಿವೊಟ್ ಟೇಬಲ್ ಕಲಿಯಿರಿ. ಸೇವಾ ನಿರ್ವಹಣೆ ಕಲಿಸುವ ಸಿಒಪಿಸಿ, ಐಟಿಐಎಲ್ ತರಬೇತಿಗಳಿಗೆ ಬೆಲೆಯಿದೆ, ಆದರೆ ಅವನ್ನು ಕಂಪನಿಯ ಖರ್ಚಿನಲ್ಲಿ ಆಮೇಲೆ ಮಾಡಬಹುದು.

ಪೋರ್ಟ್‌ಫೋಲಿಯೊ ಎಸೆಯಬೇಡಿ, ಮರಳಿ ಬರೆಯಿರಿ. 'ಆರ್ಡರ್ ಪುಟಕ್ಕೆ ಹೊಸ ರೂಪ' ಎಂಬ ಶೀರ್ಷಿಕೆ ಈಗ ಸಾಲದು. ಆ ಪುಟ ಬದಲಾಗುವ ಮೊದಲು ನೂರು ಆರ್ಡರ್‌ಗೆ ಎಷ್ಟು ಜನ 'ನನ್ನ ಪಾರ್ಸೆಲ್ ಎಲ್ಲಿ?' ಎಂದು ಕೇಳುತ್ತಿದ್ದರು, ಆಮೇಲೆ ಎಷ್ಟಾಯಿತು ಎಂಬುದು ಬೇಕು. ಆ ಅಂಕಿ ನಿಮ್ಮ ಬಳಿ ಇಲ್ಲದಿದ್ದರೆ ಸಪೋರ್ಟ್ ತಂಡದವರನ್ನು ಕೇಳಿ ಪಡೆಯಿರಿ. ಆ ಕೇಳುವಿಕೆಯಿಂದಲೇ ಎಷ್ಟೋ ಪರಿಚಯಗಳು ಶುರುವಾಗುತ್ತವೆ. ಬಿಡಿಸಿದ ಬ್ಲೂಪ್ರಿಂಟ್ ಒಂದು, ತಿದ್ದಿದ ಉತ್ತರಗಳ ಮೊದಲಿನ ಮತ್ತು ನಂತರದ ರೂಪ ಒಂದು, ನೀವು ಕೈಹಿಡಿದು ಬೆಳೆಸಿದ ಕಿರಿಯ ಸಹೋದ್ಯೋಗಿಯ ಬೆಳವಣಿಗೆಯ ವಿವರ ಒಂದು. ಇಷ್ಟಿದ್ದರೆ ಸಂದರ್ಶನಕ್ಕೆ ಧೈರ್ಯವಾಗಿ ಹೋಗಬಹುದು.

ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ. ಕಳೆದ ವರ್ಷ ಎಷ್ಟು ಏಜೆಂಟ್‌ಗಳು ಬಿಟ್ಟುಹೋದರು? ಏಜೆಂಟ್ ತಾನಾಗಿ ಎಷ್ಟು ರೂಪಾಯಿಯವರೆಗೆ ಪರಿಹಾರ ಕೊಡಬಹುದು? ಸಪೋರ್ಟ್ ಮುಖ್ಯಸ್ಥರು ಯಾರಿಗೆ ವರದಿ ಮಾಡುತ್ತಾರೆ? ದೂರು ಹೆಚ್ಚಿಸಿದ ಒಂದು ಪರದೆಯನ್ನು ಸಪೋರ್ಟ್ ತಂಡದ ಮಾತು ಕೇಳಿ ಬದಲಿಸಿದ್ದು ಕೊನೆಯ ಬಾರಿ ಯಾವಾಗ, ಯಾವ ಪರದೆ? ಮೊದಲ ಮೂರಕ್ಕೆ ಸಿದ್ಧ ಉತ್ತರ ಬರಬಹುದು. ನಾಲ್ಕನೆಯದಕ್ಕೆ ಪರದೆಯ ಹೆಸರು ಹೇಳಿ, ಏನು ಬದಲಿಸಿದರು ಎಂದು ವಿವರಿಸುವವರ ಬಳಿ ಸೇರಿ. ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಸಂಬಳ ಎಷ್ಟೇ ಇರಲಿ, ಆ ಆಫರ್ ನಿಮಗೆ ಬೇಡ.